ಬೋರ್ಡಿಲ್ಲದ ಚೆಸ್ ಕ್ಲಬ್

ನವೆಂಬರ್ 18, ಮಂಗಳವಾರ

ಈ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿ ಸೇರುವ ಅರ್ಜಿಗೆ ಇನ್ನು ಹನ್ನೆರಡೇ ದಿನ. 'ಪಠ್ಯೇತರ ಚಟುವಟಿಕೆ' ಕಾಲಂ ತುಂಬಲಿಕ್ಕೆಂದೇ ನಾವು ಐದು ಜನ ಐದು ಕ್ಲಬ್ ಕಟ್ಟಿದ್ದೇವೆ. ಒಬ್ಬೊಬ್ಬರೂ ಒಂದಕ್ಕೆ ಅಧ್ಯಕ್ಷರು, ಉಳಿದ ನಾಲ್ಕಕ್ಕೆ ಸದಸ್ಯರು. ಥೂ!

ಇವತ್ತು ನನ್ನ ಚೆಸ್ ಕ್ಲಬ್ಬಿನ ಮೊದಲ ಸಭೆ. "ಬೇಗ ಫೋಟೋ ತೆಗಿಯೇ, ನಾಲ್ಕು ಗಂಟೆಗೆ ನನ್ನ ಕ್ಲಬ್ಬಿದೆ," ಎಂದು ನಮ್ಮ ಐವರಲ್ಲೊಬ್ಬಳಾದ ಯೆಸೇನಿಯಾ ಗೊಣಗಿದಳು. ಫೋಟೋ ಆಯಿತು, ನಾಲ್ವರೂ ಎದ್ದು ಹೋದರು.

ಪೋಸ್ಟರ್ ನೋಡಿ ಬಂದಿದ್ದ ಡೆಲ್ಫಿನೊ ಮಾತ್ರ ಕೂತೇ ಇದ್ದರು. ವೆಲ್ಡಿಂಗ್ ಕಲಿಯಲು ಬರುವ ಅರವತ್ತರ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ.

"ಬೋರ್ಡ್ ಎಲ್ಲಮ್ಮಾ?"

"ಮುಂದಿನ ವಾರ ತರ್ತೀನಿ ಸರ್."

"ಆಗ್ಲಿ. ನಂಗೆ ಆಟ ಬರಲ್ಲ, ನೀವೇ ಕಲಿಸ್ಬೇಕು ಪ್ರೆಸಿಡೆಂಟಮ್ಮಾ."

ಕುದುರೆ ಹೇಗೆ ನಡೆಯುತ್ತದೆಂದು ಈ ಪ್ರೆಸಿಡೆಂಟಮ್ಮನಿಗೇ ಗೊತ್ತಿಲ್ಲ. ಮುಂದಿನ ಮಂಗಳವಾರವೂ ಅವರು ಅಂಗಿ ಇಸ್ತ್ರಿ ಮಾಡಿಕೊಂಡು ಬಂದೇ ಬರುತ್ತಾರೆ.