ಲಿವರಿನ ಮೇಲಿನ ಕೈ

ಗೊಬ್ಬೂರ, ಅಫಜಲಪುರ ತಾಲೂಕು
೧೦ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ಶಾಹೀನ ಬೇಟಾ,

ಅಬ್ಬಾನ ದುವಾ. ಕೆಮ್ಮು ಹೇಗಿದೆ? ಹೈದರಾಬಾದಿನಲ್ಲೂ ಜೋಳದ ರೊಟ್ಟಿ ಸಿಗುತ್ತದೆ ಎಂದರೆ ನಿನ್ನ ಅಮ್ಮಿ ನಂಬುತ್ತಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳಲೆಂದು ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಕಾಗದ; ಇವತ್ತು ರಾತ್ರಿಯ ಬಸ್ಸಿಗೆ ಹೈದರಾಬಾದಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಭೂಸನೂರ ಕಾರ್ಖಾನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಪಾಳಿಯಲ್ಲಿ ಕೂತು, ನಿನ್ನ ಪೈಲಟ್ ತರಬೇತಿಯ ಬಗ್ಗೆ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಯೋಚಿಸಿದೆ. ಇಷ್ಟು ವೇಗ ಬೇಕೆಂದು ಹೇಳಿಟ್ಟರೆ ವಿಮಾನದ ಕಂಪ್ಯೂಟರ್ ಅಳೆಯುತ್ತಲೇ ಇರುತ್ತದೆ. ಕಡಿಮೆಯಾದರೆ ಎಂಜಿನ್ನಿನ ಬಲ ಹೆಚ್ಚಿಸುತ್ತದೆ, ಹೆಚ್ಚಾದರೆ ತಗ್ಗಿಸುತ್ತದೆ. ನಮ್ಮ ಟ್ರ್ಯಾಕ್ಟರಿನ ಕೈ ಲಿವರೂ ಸುಮಾರು ಹಾಗೆಯೇ. ಒಂದು ಕಡೆ ಇಟ್ಟರೆ, ಏರು ಬಂದಾಗ ಎಂಜಿನ್ ತಾನೇ ಹೆಚ್ಚು ಡೀಸೆಲ್ ಕುಡಿಯುತ್ತದೆ. ಆದರೆ ನಿಮ್ಮ ಯಂತ್ರಕ್ಕೆ ಇನ್ನೊಂದು ಗುಣವಿದೆಯಲ್ಲ: ಏರುವಾಗ, ಇಳಿಯುವಾಗ ಕೆಲವು ಸಲ ಬಲವನ್ನು ಒಂದೇ ಮಟ್ಟದಲ್ಲಿ ಹಿಡಿದು, ವೇಗದ ಕೆಲಸವನ್ನು ವಿಮಾನದ ಮೂತಿಗೆ ಬಿಡುತ್ತದೆ. ಮೂತಿ ಎತ್ತಿದರೆ ನಿಧಾನ, ತಗ್ಗಿಸಿದರೆ ಜೋರು. ತಾನು ಈಗ ಯಾವ ಕೆಲಸದಲ್ಲಿದ್ದೇನೆ ಎಂದು ಪರದೆಯ ಮೇಲೆ ಬರೆದೂ ತೋರಿಸುತ್ತದೆ.

ಮೊನ್ನೆ ಸಿಮ್ಯುಲೇಟರ್ ಎಂಬ ಆ ನಕಲಿ ವಿಮಾನದ ಪರೀಕ್ಷೆಯಲ್ಲಿ ನೀನು ಅದನ್ನು ಓದಲಿಲ್ಲ. ಬಲ ಕನಿಷ್ಠದಲ್ಲಿ ನಿಂತಿತ್ತು. ಯಂತ್ರ ನೋಡಿಕೊಳ್ಳುತ್ತದೆ ಎಂದು ಮೂತಿ ಎತ್ತಿದೆ, ವೇಗ ಬಿತ್ತು. ತಪ್ಪು ಯಾರಿಂದಲೂ ಆಗುತ್ತದೆ. ಆದರೆ ತರಬೇತಿಯ ಸರ್ ಕೇಳಿದಾಗ ನೀನು, ಪಕ್ಕದಲ್ಲಿದ್ದ ಸೀಮಾ ಏನೋ ಒತ್ತಿರಬೇಕು ಎಂದೆ. ಸೋಮವಾರ ಅವಳನ್ನು ತರಬೇತಿಯಿಂದಲೇ ತೆಗೆಯಬಹುದಂತೆ. “ಅಬ್ಬಾ, ಹೆದರಿ ಅಂದುಬಿಟ್ಟೇನಿ” ಎಂದು ನೀನು ಅತ್ತುಬಿಟ್ಟೆ. ಆಗ ಬುದ್ಧಿ ಹೇಳಲು ನನಗೆ ಮುಖವಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾಹ ನಿನ್ನನ್ನು ಕಾಯಲಿ.

ನಿನ್ನ ಅಬ್ಬಾ,
ಬಂದೇನವಾಜ

ಮರೆತಿದ್ದೆ: ನಾಲ್ಕು ವರ್ಷದ ಹಿಂದೆ ಹಳ್ಳದ ಇಳಿಜಾರಿನಲ್ಲಿ ನಮ್ಮ ಕಬ್ಬಿನ ಗಾಡಿ ಉರುಳಿದಾಗ, ಮೆಕ್ಯಾನಿಕ್ ಅಲ್ತಾಫ ರಿಪೇರಿ ಮಾಡಿದ ಲಿವರ್ ಸಿಕ್ಕಿಕೊಂಡಿತ್ತು ಎಂದು ಊರಿಗೆಲ್ಲ ಹೇಳಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಲಿವರ್ ಸರಿ ಇತ್ತು. ಅದನ್ನು ಜೋರಿನಲ್ಲೇ ಬಿಟ್ಟು, ಸ್ಟೇರಿಂಗಿಗೆ ಮೊಣಕಾಲು ಕೊಟ್ಟು, ಎರಡೂ ಕೈಯಲ್ಲಿ ಕಬ್ಬು ಹಿಡಿದು ತಿನ್ನುತ್ತಿದ್ದೆ. ಅಂದಿನಿಂದ ಅವನ ಗ್ಯಾರೇಜಿಗೆ ಊರಿನ ಟ್ರ್ಯಾಕ್ಟರುಗಳು ಹೋಗುವುದಿಲ್ಲ. ಇವತ್ತು ಜುಮ್ಮಾ ನಮಾಜು ಮುಗಿದ ಮೇಲೆ ಎಲ್ಲರೆದುರು ನಿಜ ಹೇಳಿದೆ. ಅವನು, “ನನಗ ಅವತ್ತೇ ಗೊತ್ತಿತ್ರಿ ಭಾಯಿ, ಲಿವರ್ ಬಿಚ್ಚಿ ನೋಡಿದ್ದೆ” ಎಂದ. ಸೀಮಾಗೂ ಗೊತ್ತಿರುತ್ತದೆ ಬೇಟಾ. ಸೋಮವಾರದ ತನಕ ಕಾಯಬೇಡ.