ಮೂರನೆಯ ಪುಟದ ಎಡಭಾಗ

ಮಂಡ್ಯ,
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅಪ್ಪಾಜಿಗೆ ಮೋಹಿನಿಯ ನಮಸ್ಕಾರಗಳು.

ಮೊಣಕಾಲು ಹೇಗಿದೆ? ಮದ್ದೂರಿನಲ್ಲಿ ಅಣ್ಣ ಅಶೋಕನ ಮನೆಯ ಮೆಟ್ಟಿಲು ಎತ್ತರ, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಇಳಿಯುವಾಗ ಗೋಡೆಯ ಕಡೆಯೇ ಇರಿ. ಬಿ.ಪಿ. ಮಾತ್ರೆಯನ್ನು ಇಲ್ಲೇ ಮರೆತು ಹೋಗಿದ್ದೀರಿ, ಅಥವಾ ಬಿಟ್ಟು ಹೋಗಿದ್ದೀರಿ. ಅವ್ವ ಅಶೋಕನ ಕೈಗೆ ಕೊಟ್ಟು ಕಳಿಸಿದ್ದಾಳೆ. ದಿನಾ ಸಂಜೆ ವಡೆ ತರಿಸುತ್ತಿದ್ದೀರಿ ಎಂದು ಅತ್ತಿಗೆ ಹೇಳಿದರು. ಒಂದು ಸಾಕು. ನಾವು ಇಲ್ಲಿ ಚೆನ್ನಾಗಿದ್ದೇವೆ. ನಿಮ್ಮ ಮಾತೆತ್ತಿದರೆ ಅವ್ವ, "ಓಗೋರು ಓಗ್ಲಿ ಬುಡು, ಮದ್ದೂರಿಂದ ಮಂಡ್ಯಕ್ಕೂ ಬಸ್ಸವೆ" ಎನ್ನುತ್ತಾಳೆ. ಆದರೆ ದಿನಕ್ಕೆ ಎರಡು ಸಲ ಅತ್ತಿಗೆಗೆ ಫೋನ್ ಮಾಡಿ ನೀವು ಏನು ಉಂಡಿರಿ ಎಂದು ಕೇಳುತ್ತಾಳೆ. ನನ್ನ ಫೋನನ್ನು ನೀವು ಎತ್ತದೆ ಹನ್ನೆರಡು ದಿನವಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೈಗೆ ಬಂದ ಬರಹವನ್ನು ಓದದೆ ಮಡಿಚಿಟ್ಟವರಲ್ಲ ನೀವು.

ಮೊದಲಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದೂ ಇದರಲ್ಲಿದೆ, ಆದರೆ ಆ ದಿನ ನೀವು ಅರ್ಧ ಕೇಳಿ ಎದ್ದು ಹೋದಿರಿ. ನಮ್ಮ ಭೂಮಾಪಕರ ಸಂಘದ ಪತ್ರಿಕೆಯನ್ನು ನೀವು ಹನ್ನೊಂದು ವರ್ಷ ನಡೆಸಿ ನನ್ನ ಕೈಗೆ ಕೊಟ್ಟಾಗ ಅದು ಎಂಟು ಪುಟವಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ ಸೇರಿ ಇನ್ನೂರ ಹದಿನಾಲ್ಕು ಸದಸ್ಯರಿಗೆ ಎರಡು ತಿಂಗಳಿಗೊಮ್ಮೆ ಹೋಗುತ್ತಿತ್ತು. ಎಂಟರಲ್ಲಿ ಐದು ಪುಟ ಶಾಲು ಹೊದಿಸುವ ಫೋಟೊ. ನೀವು ಅದನ್ನು ಇಷ್ಟಪಟ್ಟು ಹಾಕುತ್ತಿರಲಿಲ್ಲ, ಬಲ್ಲೆ. ಹಾಕದಿದ್ದರೆ ಬರುವ ಮಾತುಗಳು ನಿಮಗೆ ಬೇಡವಾಗಿದ್ದವು. ಇದನ್ನು ಯಾರಾದರೂ ಓದುತ್ತಾರೆಯೇ ಎಂದು ತಿಳಿಯಲು ನನ್ನ ಮೊದಲ ಸಂಚಿಕೆಯ ಆರನೆಯ ಪುಟದ ನಡುವೆ ಒಂದು ಸಾಲು ಸೇರಿಸಿದ್ದೆ: ಇದನ್ನು ಓದಿದವರು ಸಂಪಾದಕಿಗೆ ಒಂದು ಮಿಸ್ಡ್ ಕಾಲ್ ಕೊಡಿ. ಬಂದದ್ದು ಒಂದೇ ಕರೆ, ಮರಿಸಿದ್ದಯ್ಯನವರದು. ಅವರೂ ಆ ಸಾಲನ್ನು ಓದಿರಲಿಲ್ಲ. ಫೋಟೊದಲ್ಲಿ ತಮ್ಮ ಮುಖ ಅರ್ಧ ಕತ್ತರಿಸಿಹೋಗಿದೆ ಎಂದು ಜಗಳಕ್ಕೆ ಕರೆದಿದ್ದರು. "ಅರ್ಧ ಮೊಕ ಆಕಿದ್ದೀಯ, ಅರ್ಧ ಚಂದಾ ವಾಪಸ್ ಕೊಡಮ್ಮ" ಎಂದರು.

ಆಮೇಲೆ ಪತ್ರಿಕೆಯನ್ನು ನಾಲ್ಕು ಪುಟಕ್ಕೆ ಇಳಿಸಿದೆ. ಹೊಸ ಸುತ್ತೋಲೆಗಳು ನಾಳೆಯ ಕೆಲಸದಲ್ಲಿ ಏನನ್ನು ಬದಲಿಸುತ್ತವೆ ಎಂಬುದು ಮೊದಲ ಪುಟಕ್ಕೆ ಬಂತು. ಯಾರ ಬಳಿ ಯಾವ ಯಂತ್ರವಿದೆ, ಯಾರು ಬಾಡಿಗೆಗೆ ಕೊಡುತ್ತಾರೆ ಎಂಬ ಪಟ್ಟಿ ಎರಡನೆಯದಕ್ಕೆ. ಶಾಲುಗಳೆಲ್ಲ ಸೇರಿ ಕೊನೆಯ ಪುಟದಲ್ಲಿ ಅಂಗೈಯಗಲದ ಒಂದು ಫೋಟೊ. ಮೂರನೆಯ ಪುಟದ ಎಡಭಾಗದಲ್ಲಿ 'ನಾನು ತಪ್ಪಿದ್ದು' ಎಂಬ ಅಂಕಣ ಶುರುಮಾಡಿದೆ. ಅದಕ್ಕೆ ನಿಯಮ ಮೂರೇ. ತಪ್ಪು ಮಾಡಿದವರೇ ಬರೆಯಬೇಕು, ಒಬ್ಬರ ತಪ್ಪನ್ನು ಇನ್ನೊಬ್ಬರು ಬರೆಯುವ ಹಾಗಿಲ್ಲ. ಕೆಳಗೆ ಹೆಸರು ಇರಬೇಕು. ನೂರೈವತ್ತು ಪದ ಮೀರಬಾರದು. ಮೊದಲನೆಯದು ನನ್ನದೇ. ಮದ್ದೂರಿನ ನಿವೇಶನವೊಂದರ ನಕ್ಷೆಯಲ್ಲಿ ಉತ್ತರದ ಬಾಣವನ್ನು ದಕ್ಷಿಣಕ್ಕೆ ಹಾಕಿಬಿಟ್ಟಿದ್ದೆ, ಆ ಮನೆಯ ಅಡುಗೆಮನೆ ಆಗ್ನೇಯದ ಬದಲು ವಾಯವ್ಯದಲ್ಲಿ ಎದ್ದು ನಿಂತಿತು. ಅದನ್ನು ಓದಿ ನೀವು ನಕ್ಕಿರಿ. ಅವ್ವ, "ಸೂರ್ಯ ಎಲ್ಲುಟ್ತಾನೆ ಅಂತ ಆ ಮನೆಯೋನಾರ ನೋಡಬ್ಯಾಡ್ವಾ" ಎಂದಳು. ಎರಡನೆಯದು ಅಂಕಯ್ಯನದು. ತುದಿಯ ಒಂದು ಅಡಿ ಹರಿದುಹೋದ ಟೇಪಿನಲ್ಲಿ ಅವನು ಮೂರು ತಿಂಗಳು ಅಳೆದಿದ್ದ. ಆ ಸಂಚಿಕೆ ಸದಸ್ಯರಿಗೆ ತಲುಪಿದ ವಾರದಲ್ಲಿ ನನಗೆ ಮೂವತ್ತೇಳು ಕರೆ ಬಂದವು. ಎಷ್ಟೋ ಜನ ತಮ್ಮ ಟೇಪನ್ನು ಬಿಚ್ಚಿ ನೋಡಿಕೊಂಡಿದ್ದರು. ಪತ್ರಿಕೆ ಎಂದರೆ ಇದು ಎಂದು ನನಗೆ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಅಂಕಯ್ಯ ತನ್ನ ಊರಿನ ಟೀ ಅಂಗಡಿಯಲ್ಲಿ ಆ ಬರಹವನ್ನು ತಾನೇ ಗಟ್ಟಿಯಾಗಿ ಓದಿದನಂತೆ. ಬೆಳಕವಾಡಿಯಿಂದ ಒಳಗಿನ ಆ ಊರಿನವಳೇ ಸಣ್ಣತಾಯಮ್ಮ. ದೀಪಾವಳಿ ಕಳೆದ ವಾರ ಎರಡು ಬಸ್ಸು ಬದಲಾಯಿಸಿ, ಪತ್ರಿಕೆಯನ್ನು ನಾಲ್ಕಾಗಿ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ನಮ್ಮ ಮನೆಗೆ ಬಂದಳು. "ಏನವ್ವಾ, ನಿಮ್ಮ ಸರ್ವೇರು ತಪ್ಪು ಮಾಡುದ್ರೆ ಇದ್ರಲ್ಲಿ ಬರ್ಕೊತೀರಂತಲ್ಲ. ಬರ್ಕೊ. ನನ್ನ ಒಲ ತಪ್ಪಾಗಿ ಅಳ್ದು ಇಪ್ಪತ್ತೆರಡು ವರ್ಸ ಆಯ್ತು" ಎಂದಳು. ಆಮೇಲೆ ಜಗಲಿಯ ಆ ಕಡೆ ಪೇಪರ್ ಓದುತ್ತಿದ್ದ ನಿಮ್ಮನ್ನು ನೋಡಿದಳು. "ಅಯ್ಯೋ, ಬರೆಯೋರು ಇಲ್ಲೇ ಕುಂತವ್ರೆ!" ನೀವು ಪೇಪರನ್ನು ಇಳಿಸಲಿಲ್ಲ. ನಾಲೆ ಬದಿಯ ಆ ಗಡಿಕಲ್ಲು ನೆಟ್ಟಗೆ ನಿಂತಿತ್ತು ಎಂದಷ್ಟೇ ಹೇಳಿದಿರಿ. ಅದಕ್ಕೆ ಅವಳು, "ನಾನೂವೆ ನೆಟ್ಟಗೇ ನಿಂತಿದ್ದೆ ಕಣಪ್ಪ. ನನ್ನ ಮಾತ ಯಾಕೆ ಕೇಳ್ನಿಲ್ಲ?" ಎಂದಳು. ಮರುದಿನವೇ ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಯಂತ್ರ ತೆಗೆದುಕೊಂಡು ಅವಳ ಜಮೀನಿಗೆ ಹೋದೆ.

ಅಪ್ಪಾಜಿ, ಎರಡು ದಿನ ಅಳೆದೆ. ನೀವು ಕಲಿಸಿದ ಹಾಗೆ ಹೋದ ದಾರಿಯಲ್ಲೇ ತಿರುಗಿ ಬಂದು ಇನ್ನೊಮ್ಮೆ ಅಳೆದೆ. ಎರಡು ಸಾವಿರದ ಮೂರರಲ್ಲಿ ನೀವು ಅವಳ ಜಮೀನಿನ ಹದ್ದು ಗುರುತಿಸಿದ್ದು ನಾಲೆ ಬದಿಯ ಒಂದೇ ಕಲ್ಲನ್ನು ನಂಬಿ. ಅದೇ ವರ್ಷ, ನೀವು ಅಳೆಯುವ ಮೊದಲೇ, ನಾಲೆಗೆ ಕಾಂಕ್ರೀಟು ಹಾಕಿದವರು ಆ ಕಲ್ಲನ್ನು ಕಿತ್ತು, ಕೆಲಸ ಮುಗಿದ ಮೇಲೆ ಹನ್ನೊಂದು ಅಡಿ ಆಚೆ ಅಚ್ಚುಕಟ್ಟಾಗಿ ನೆಟ್ಟು ಹೋಗಿದ್ದರು. ಬೇರೆ ಮೂರು ಹಳೆಯ ಕಲ್ಲುಗಳಿಂದ ಅಳೆದರೆ, ಹೊಂಗೆ ಮರದ ಬುಡದಲ್ಲಿ ಅವಳು ತೋರಿಸುತ್ತಿದ್ದ ಕಲ್ಲೇ ಸರಿ. ಹತ್ತು ಸರಪಳಿ, ಅಂದರೆ ಮುನ್ನೂರ ಮೂವತ್ತು ಅಡಿ ಉದ್ದಕ್ಕೆ ಹನ್ನೊಂದು ಅಡಿ ಎಂದರೆ ಮೂರು ಗುಂಟೆ ಚಿಲ್ಲರೆ, ಅಷ್ಟು ನೆಲ ಪಕ್ಕದವರಿಗೆ ಹೋಯಿತು. ನೆಲದ ಅರ್ಜಿಯನ್ನು ಅವಳು ಕೊಟ್ಟಿದ್ದಾಳೆ, ಅದು ಅದರ ದಾರಿಯಲ್ಲಿ ಹೋಗುತ್ತದೆ. ಅವಳು ನನ್ನ ಬಳಿ ಬಂದದ್ದು ಬೇರೆಯದಕ್ಕೆ. ನಿಮ್ಮ ಅಳತೆ ಮುಗಿದ ದಿನ, ಹೊಂಗೆ ಮರದ ಕಲ್ಲನ್ನು ಅವಳೇ ಸರಿಸಿಕೊಂಡಿದ್ದಾಳೆ ಎಂದು ಊರು ತೀರ್ಮಾನಿಸಿತು. ಅಂದಿನಿಂದ ಅವಳ ಹೆಸರು ಕಲ್ಲುಕಳ್ಳಿ. ಸೊಸೆ ದೀಪಿಕ ಮದುವೆಯಾಗಿ ಬಂದ ವಾರವೇ ನೀರಿಗೆ ಹೋದಾಗ, "ಓ, ಕಲ್ಲುಕಳ್ಳಿ ಸೊಸೆನಾ" ಎಂದು ಕರೆಸಿಕೊಂಡಳಂತೆ. ಅವಳಿಗೆ ಬೇಕಾಗಿರುವುದು ಅಳೆದವರ ಬಾಯಿಂದ ಒಂದು ಮಾತು, ಅದೂ ಅಚ್ಚಿನಲ್ಲಿ, ಟೀ ಅಂಗಡಿಯಲ್ಲಿ ಗಟ್ಟಿಯಾಗಿ ಓದಬಹುದಾದದ್ದು.

ನಿಮ್ಮ ಹಳೆಯ ಅಳತೆ ಪುಸ್ತಕವನ್ನು ಅಟ್ಟದಿಂದ ಇಳಿಸಿ ನೋಡಿದೆ. ಆ ದಿನ ನೀವು ಮೂರು ಊರಿನಲ್ಲಿ ಮೂರು ಕೆಲಸ ಒಪ್ಪಿಕೊಂಡಿದ್ದಿರಿ. ಒಂದು ಕಲ್ಲಿಗೇ ನಿಲ್ಲಿಸಿದ್ದು ಅದಕ್ಕೇ ಇರಬೇಕು. ಅದು ದೊಡ್ಡ ಪಾಪವೆಂದು ನಾನು ಹೇಳಲಿಲ್ಲ. ನಾನು ಹೇಳಿದ್ದು, ಬರೆಯಿರಿ ಎಂದು. ನೀವು ಬ್ಯಾಗಿಗೆ ಎರಡು ಪಂಚೆ ಹಾಕಿಕೊಂಡು, "ನನ್ನ ಎಸ್ರು ಅದ್ರಲ್ಲಿ ಬಂದ್ರೆ ಈ ಒಸ್ಲು ದಾಟಲ್ಲ ಕಣಮ್ಮ" ಎಂದು ಅಶೋಕನ ಮನೆಗೆ ಹೊರಟಿರಿ. ನೆಟ್ಟಗಿದ್ದ ಕಲ್ಲನ್ನು ನಂಬುವುದು ಯಾವ ಭೂಮಾಪಕನೂ ಮಾಡುವ ತಪ್ಪು. ನಾಲೆ ಬದಿಯ ಕಲ್ಲುಗಳು ಮೂರೂ ತಾಲ್ಲೂಕಿನಲ್ಲಿ ಎಷ್ಟಿವೆ, ಯೋಚಿಸಿ. ನೀವು ಬರೆದರೆ ಇನ್ನೂರು ಜನ ಎರಡನೆಯ ಕಲ್ಲನ್ನು ಹುಡುಕುತ್ತಾರೆ. ನಿಮ್ಮ ಹೆಸರಿಗೆ ಅಷ್ಟು ತೂಕವಿದೆ. ಅದನ್ನು ಮರ್ಯಾದೆ ಎಂದು ಕಪಾಟಿನಲ್ಲಿಟ್ಟರೆ ಯಾರಿಗೆ ಪ್ರಯೋಜನ?

ಭಾನುವಾರ ಕಾರ್ಯಕಾರಿ ಸಮಿತಿ ಸೇರಿತ್ತು. ವಿಷಯ ಅವರ ಕಿವಿಗೂ ಬಿದ್ದಿದೆ. ಅಧ್ಯಕ್ಷ ಚಲುವನಾರಾಯಣ ಅವರು ಮೊದಲು ಮೆತ್ತಗೆ ಶುರುಮಾಡಿದರು. "ನೋಡಮ್ಮ ಮೋಹಿನಿ, ಡಾಕ್ಟ್ರುಗಳು ಅವ್ರ ತಪ್ಪ ಪೇಪರ್‌ಗೆ ಆಕ್ಕೊತಾರಾ? ಲಾಯರ್‌ಗಳು ಆಕ್ಕೊತಾರಾ? ನಮ್ಗೇ ಯಾಕಮ್ಮ ಈ ತೀಟೆ?" ಆಮೇಲೆ ಅಷ್ಟು ಮೆತ್ತಗಿರಲಿಲ್ಲ. ಅಂಕಣ ಬಿಡು, ಇಲ್ಲ ಸಂಪಾದಕಿಯ ಕೆಲಸ ಬಿಡು ಎಂದರು. ಹೆತ್ತ ಅಪ್ಪನ ಮಾನ ತೆಗೆಯುವವಳು ಸಂಘದ ಮಾನ ಉಳಿಸುತ್ತಾಳೆಯೇ ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು. ನಾನು ಎರಡನ್ನೂ ಬಿಡುವುದಿಲ್ಲ ಎಂದೆ. ಸಂಘದ ನಿಯಮಾವಳಿಯ ಹದಿನಾಲ್ಕನೆಯ ಕಲಮನ್ನು ಓದಿದೆ: ಅವಧಿ ಮುಗಿಯುವ ಮೊದಲು ಸಂಪಾದಕರನ್ನು ತೆಗೆಯುವ ಅಧಿಕಾರ ಸರ್ವಸದಸ್ಯರ ಸಭೆಗೆ ಮಾತ್ರ. ಅದನ್ನು ಬರೆದವರು ನೀವು. "ಈ ತಿಮ್ಮಯ್ಯ ಎಂತೆಂಥದ್ದೋ ಬರೆದಿಟ್ಟವ್ನೆ" ಎಂದು ಅಧ್ಯಕ್ಷರು ಗೊಣಗಿದರು. ಮರಿಸಿದ್ದಯ್ಯನವರೊಬ್ಬರೇ ನನ್ನ ಕಡೆ. "ಎಣ್ಮಗ ನಾಲೆ ಕಲ್ಲು ಅಂದಾಗ್ಲಿಂದ ನಂಗೆ ನಿದ್ದೆ ಬತ್ತಿಲ್ಲ. ನಾನೂ ಎಷ್ಟು ನೆಟ್ಟಗಿರೋ ಕಲ್ಲ ನಂಬಿದ್ದೀನೋ" ಎಂದರು. ಸಭೆ ನಗಲಿಲ್ಲ. ಸರ್ವಸದಸ್ಯರ ಸಭೆ ಮಾರ್ಚಿನಲ್ಲಿ. ಅಲ್ಲಿಯವರೆಗೆ ನಾನೇ ಸಂಪಾದಕಿ, ಆಮೇಲೆ ತೆಗೆಯುವುದಾದರೆ ಕೈ ಎತ್ತಿ ತೆಗೆಯಲಿ.

ನಿಮ್ಮನ್ನು ನೋಯಿಸಿದ್ದಕ್ಕೆ ನನಗೆ ನೋವಿದೆ. ಮಾಡುತ್ತಿರುವುದಕ್ಕೆ ಇಲ್ಲ. ಈ ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಅಶೋಕನಿಗೆ, ಅತ್ತಿಗೆಗೆ ನಾನು ಕೇಳಿದೆನೆಂದು ಹೇಳಿ. ಬೆಳಿಗ್ಗೆ ಥಂಡಿ ಹೆಚ್ಚಾಗಿದೆ, ಕಿವಿಗೆ ಮಫ್ಲರ್ ಕಟ್ಟಿಕೊಳ್ಳದೆ ವಾಕಿಂಗ್ ಹೋಗಬೇಡಿ ಎಂದು ಅವ್ವ ಬರೆಸುತ್ತಿದ್ದಾಳೆ.

ನಿಮ್ಮ ಕಾಲಿಗೆ ಬೀಳುವ, ಈ ಮಾತಿನಲ್ಲಿ ಮಾತ್ರ ಬಾಗದ ಮಗಳು,
ಮೋಹಿನಿ

ಲಕೋಟೆ ಅಂಟಿಸುವ ಮುನ್ನ: ಪತ್ರಿಕೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಚ್ಚಿಗೆ ಹೋಗುತ್ತದೆ. ನಿಮ್ಮ ಪರವಾಗಿ ನಾನು ಬರೆಯುವುದಿಲ್ಲ, ನಿಯಮ ನಿಮಗಾಗಿ ಸಡಿಲವಾಗುವುದಿಲ್ಲ. ಬೇರೆ ಯಾರ ಬರಹವನ್ನೂ ಅಲ್ಲಿ ಹಾಕುವುದಿಲ್ಲ. ಅಂಕಣದ ತಲೆಬರಹ ಕೂರಿಸಿ ಕೆಳಗೆ ನೂರೈವತ್ತು ಪದದ ಜಾಗ ಬಿಟ್ಟಿದ್ದೇನೆ. ನೀವು ಬರೆಯದಿದ್ದರೆ ಅದು ಬಿಳಿಯಾಗಿಯೇ ಅಚ್ಚಾಗಿ ಇನ್ನೂರ ಹದಿನಾಲ್ಕು ಮನೆಗೆ ಹೋಗುತ್ತದೆ. ಇದನ್ನು ಸಣ್ಣತಾಯಮ್ಮನಿಗೂ ನಿನ್ನೆ ಹೇಳಿದೆ. ಹತ್ತು ಪ್ರತಿ ಹೆಚ್ಚಿಗೆ ಕೇಳಿದ್ದಾಳೆ. "ಬಿಳಿ ಬುಟ್ರೂ ಬುಡವ್ವ. ಅಲ್ಲಿ ಯಾರು ಬರೀಬೇಕಿತ್ತು, ಏನ ಬರೀಬೇಕಿತ್ತು ಅಂತ ನಾನೇ ಮನೆ ಮನೆಗೂ ಓಗಿ ಯೇಳ್ಕೊಂಡು ಬತ್ತೀನಿ" ಎಂದಳು.