ಎರಡನೇ ಚಾಟ್ನಿ

೩ ಎಪ್ರಿಲ್ ೨೦೨೫, ಬೆಳಿಗ್ಗೆ ೬
ಮತ್ತೆ ಮಣಿಕಟ್ಟು ಹಿಡಿದು ಕೂತಳು ಸೌಭಾಗ್ಯ. ಮೂವತ್ತು ವರ್ಷದ ಸಂಸಾರದಲ್ಲಿ ಇಷ್ಟು ಹೊತ್ತು ಕೈ ಹಿಡಿದವಳಲ್ಲ. ಈಗ ದಿನಾ ನಾಡಿ ನೋಡುವ ನೆಪ. "ತಾಳ ತಪ್ಪೇತ್ರಿ." ನನಗೆ ಗೊತ್ತಿಲ್ಲವೇ? ಎದೆ ನನ್ನದು.

೫ ಎಪ್ರಿಲ್
ವಿಜಯಪುರ. ಹಾರ್ಟ್ ಡಾಕ್ಟರ್ ಇಸಿಜಿ ನೋಡಿ ತಲೆ ಅಲ್ಲಾಡಿಸಿದ. ಏಟ್ರಿಯಲ್ ಫಿಬ್ರಿಲೇಶನ್ — ರೋಗದ ಹೆಸರು ಹೇಳುವುದಕ್ಕೇ ನಾಲಿಗೆ ಹೊರಳುವುದಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಇದೇ ಮನುಷ್ಯ ತೊಡೆಯಿಂದ ವೈರು ತೂರಿಸಿ, ಹೃದಯದೊಳಗೆ ಸುಟ್ಟು, ಅಬ್ಲೇಶನ್ ಸಕ್ಸೆಸ್ ಅಂದಿದ್ದ. ಈಗ ರಿಪೀಟ್ ಮಾಡಬೇಕಂತೆ.
"ಸುಟ್ಟಿದ್ದರಾಗ ಒಂದೆರಡು ಕಡೆ ಮತ್ತ ಕರೆಂಟ್ ಹರ್ಯಾಕತ್ತೈತ್ರಿ. ವಿಚಾರ ಮಾಡಿ ಹೇಳ್ರಿ. ರಕ್ತ ತೆಳು ಮಾಡೋ ಗುಳಿಗಿ ಮಾತ್ರ ಒಂದಿನಾನೂ ಬಿಡಬ್ಯಾಡ್ರಿ. ಬಿಟ್ರ ಲಕ್ವಾ ಹೊಡೀತೈತಿ."
ಗ್ಯಾರಂಟಿ ಕೇಳಿದೆ. ನಕ್ಕ. ಗೋಡೆ ಸೊಟ್ಟ ಕಟ್ಟಿದ ಗೌಂಡಿಯೂ ಹೀಗೇ ನಗುತ್ತಾನೆ.
ಬಸ್ಸು ತಿಕೋಟಾ ಮುಟ್ಟುವವರೆಗೂ ಸೌಭಾಗ್ಯಳದು ಒಂದೇ ರಾಗ. "ಮಾಡಿಸ್ಕೊಂಡು ಬಿಡ್ರಿ." ಆಮೇಲೆ ನೋಡೋಣ ಅಂದೆ. "ಆಮ್ಯಾಲೆ ಅಂದ್ರ ಯಾವಾಗ?" ಪೊಲೀಸ್ ಖಾತೆಗೆ ಸೇರಬೇಕಿತ್ತು ಇವಳು.

೯ ಎಪ್ರಿಲ್
ಎಪ್ರಿಲ್ ಚಾಟ್ನಿ ಶುರು. ದ್ರಾಕ್ಷಿ ಬಳ್ಳಿ ಕತ್ತರಿಸುವ ಈ ಕೆಲಸವನ್ನು ಆಳುಗಳಿಗೇ ಬಿಟ್ಟರೆ ತೋಟ ಹಾಳು. ನಾನೇ ಕತ್ತರಿ ಹಿಡಿದೆ. ಹೆಬ್ಬೆರಳು ಕೊಯ್ದುಕೊಂಡಿತು. ಗೆರೆಯಷ್ಟು ಗಾಯ — ಗಂಟೆಯಾದರೂ ರಕ್ತ ನಿಲ್ಲಲಿಲ್ಲ. ಆಳುಗಳೆಲ್ಲ ನಿಂತು ನೋಡಿದರು. ನಾಚಿಕೆಗೇಡು.
ಆ ಗುಳಿಗೆಯ ಕರಾಮತ್ತು. ಚಾಟ್ನಿ ಮುಗಿಯುವವರೆಗೆ ಬಂದ್.

೧೦ ಎಪ್ರಿಲ್
"ಗುಳಿಗಿ ತಗೊಂಡ್ರಿ?"
ಹೂಂ ಅಂದೆ. ಅಂಗಿ ಜೇಬಿನಲ್ಲಿತ್ತು. ತೋಟದಲ್ಲಿ ಬಳ್ಳಿಯ ಬುಡಕ್ಕೆ ಎಸೆದೆ.

೧೯ ಎಪ್ರಿಲ್
ಹತ್ತು ದಿನ ಗುಳಿಗೆ ಇಲ್ಲ. ಏನೂ ಆಗಿಲ್ಲ. ಹೆದರಿಸುವುದೇ ಡಾಕ್ಟರನ ಧಂದೆ.
ಚಾಟ್ನಿ ಗ್ಯಾಂಗಿನ ಲಾಲಸಾಬ ಹೋದ ವಾರ ಕತ್ತರಿಸಿದ ಬಳ್ಳಿಗೇ ಮತ್ತೆ ಕತ್ತರಿ ಹಾಕುತ್ತಿದ್ದ. ಮೊದಲು ಕೆಡಿಸಿ ಈಗ ತಿದ್ದುತ್ತೀಯೇನೋ ಅಂತ ಬೈದೆ.
"ಕೆಟ್ಟಿಲ್ರಿ ಸಾಹುಕಾರ್ರ. ಬ್ಯಾಡಾದಲ್ಲಿ ಒಂದ್ ಕಣ್ಣ ಉಳದಿತ್ತು, ಚಿಗತೈತಿ. ಉಳದಷ್ಟ ತಗದ್ರ ಮುಗೀತು."
ಸಂಜೆಯೆಲ್ಲ ಅದೇ ಮಾತು ಕಾಡಿತು. ಎದೆ ಬೇರೆ ಡವಡವ...

೨೧ ಎಪ್ರಿಲ್, ಬೆಳಿಗ್ಗೆ ೭
ಚಾಟ್ನಿ ಮುಗಿಯಿತು. ನಾಳೆಯಿಂದ ಗುಳಿಗೆ. ರಿಪೀಟ್ ಮಾಡಿಸಿಕೊಳ್ಳುವುದೇ ಸರಿ. ಸೌಭಾಗ್ಯಳಿಗೆ ಇವತ್ತೇ ಹೇಳಿಬಿಡುತ್ತೇನೆ. ಗೆದ್ದೆ ಅಂದುಕೊಳ್ಳಲಿ.

೭.೪೦
ಪೆನ್ನು ಎರಡು ಸಲ ಬಿತ್ತು. ಬಲಗೈ ಜೋಮು — ಹತ್ತು-ಹನ್ನೆರಡು ದಿನ ಕತ್ತರಿ ಹಿಡಿದದ್ದಕ್ಕೆ. ಚಹಾ ಅಂಗಿ ಮೇಲೆ ಸೋರಿತು.
ಹೇಳಿದೆ. ಹೂಂ, ಮಾಡಿಸಿಕೊಳ್ಳುತ್ತೇನೆ ಅಂತ. ಸ್ಪಷ್ಟವಾಗಿಯೇ ಹೇಳಿದೆ. "ಏನಂದ್ರಿ? ತಿಳೀವಲ್ದರಿ..." ಮತ್ತೆ ಹೇಳಿದೆ. "ಯವ್ವಾ, ಬಾಯಿ ಯಾಕ ಹಂಗಾಗೇತ್ರಿ?" ಬೇಕಂತಲೇ ಮಾಡುತ್ತಾಳೆ. ಇಷ್ಟು ದಿನ ಕೇಳಿ ಕೇಳಿ ಪ್ರಾಣ ತಿಂದವಳಿಗೆ ಈಗ ಹೂಂ ಅಂದರೆ ತಿಳಿಯುವುದಿಲ್ಲವಂತೆ. ಬರೆದೇ ತೋರಿಸುತ್ತೇನೆ.
ಮಾಡಿಸಿ